ಶಿರಾ ದಾಟಿದ ಮೇಲಿನ ಫಾಸ್ಟ್ ಚಾರ್ಜಿಂಗ್ ಸ್ಟೇಷನ್: ಬಲಗಡೆ ಗನ್ನೇ ಹಾಕಿ

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಮಿಷಿನ್‌ಗೆ ಒಂದು, ಉಳಿದದ್ದು ಅಲ್ಲಿನ ವಾಚ್‌ಮನ್‌ಗೆ.

ತುಮಕೂರಿಂದ ಹೊರಟು ಶಿರಾ ದಾಟಿ ಹಿರಿಯೂರು ಕಡೆ ಹೋಗುವಾಗ ಎಡಕ್ಕೆ ಸಿಗೋ ಹೋಟೆಲ್ ಕಾಂಪೌಂಡಿನೊಳಗೆ ಇದೆ. ಕಂಪನಿ ಹೆಸರು ಬರೆಯಲ್ಲ, ಈ ದಾರಿಯಲ್ಲಿ ಇವಿ (ಎಲೆಕ್ಟ್ರಿಕ್ ಕಾರ್) ಓಡಿಸೋರಿಗೆ ಯಾವುದು ಅಂತ ಗೊತ್ತಾಗುತ್ತೆ. ನಾನು ತುಮಕೂರಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಮಾಡೋನು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಕಡೆ ಸೈಟ್ ಇರುತ್ತೆ, ಓಡಾಟವೆಲ್ಲ ನೆಕ್ಸಾನ್ ಇವಿಯಲ್ಲೇ. 40.5 ಕಿಲೋವ್ಯಾಟ್ ಅವರ್ ಬ್ಯಾಟರಿ, ಅಂದರೆ ಮನೆ ಮೀಟರ್ ಲೆಕ್ಕದಲ್ಲಿ ನಲವತ್ತೂವರೆ ಯೂನಿಟ್.

ಬೇರೆಯವರು ಚಾರ್ಜಿಂಗ್ ಸ್ಟೇಷನ್‌ಗೆ ಹೋದರೆ ಬೋರ್ಡ್ ನೋಡ್ತಾರೆ, ನಾನು ಮೊದಲು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ನೋಡ್ತೀನಿ. ಹೋಟೆಲ್ ಹಿಂದೆ ಎರಡು ಕಂಬದ ಮೇಲೆ 100 ಕೆವಿಎ ಟಿಸಿ ಕೂತಿದೆ. ಚಾರ್ಜರ್ ಒಂದೇ 60 ಕಿಲೋವ್ಯಾಟ್. ಅದು ಪೂರ್ತಿ ಎಳೆಯೋಕೆ ನಿಂತರೆ ಹೋಟೆಲ್‌ನವರ ಗ್ರೈಂಡರ್, ಫ್ರೀಜರ್, ಎಸಿ ಹಾಲ್, ಬೋರ್‌ವೆಲ್ ಮೋಟಾರ್ ಎಲ್ಲಕ್ಕೂ ಸೇರಿ ಉಳಿಯೋದು ಮೂರನೇ ಒಂದು ಪಾಲು. ಬೆಳಗ್ಗೆ ಹೊತ್ತು ತೊಂದರೆ ಇಲ್ಲ. ಸಂಜೆ ಏಳರ ಮೇಲೆ ಬಸ್ಸುಗಳು ಬಂದು ಅಡುಗೆಮನೆ ಭರ್ತಿ ಓಡೋವಾಗ ವೋಲ್ಟೇಜ್ ಇಳಿಯುತ್ತೆ, ಚಾರ್ಜರ್ 'ಅಂಡರ್ ವೋಲ್ಟೇಜ್' ಅಂತ ಪರದೆ ಮೇಲೆ ತೋರಿಸಿ ಸುಮ್ಮನಾಗುತ್ತೆ. ಅದು ಮಿಷಿನ್ನಿನ ತಪ್ಪಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತೆ. ತಪ್ಪು ಲೋಡ್ ಲೆಕ್ಕ ಹಾಕಿದವರದ್ದು. ಹೋಟೆಲ್‌ಗೆ ಜನರೇಟರ್ ಇದೆ, ಅದರ ಲೈನ್ ಚಾರ್ಜರ್‌ಗೆ ಕೊಟ್ಟಿಲ್ಲ. ಕರೆಂಟ್ ಹೋಗಿ ಬಂದರೆ ಆ್ಯಪ್‌ನಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಹಾಗಂತ ಈ ಭಾಗದ ಲೈನ್‌ಗಳನ್ನು ಬೈಯೋಕಾಗಲ್ಲ. ನಮ್ಮ ಕಡೆ ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ಮಾತ್ರ ತ್ರೀಫೇಸ್ ಕರೆಂಟ್. ನಿರಂತರ ಜ್ಯೋತಿ ಯೋಜನೆ ಬಂದು ಊರಿನ ಲೈನೂ ತೋಟದ ಲೈನೂ ಬೇರೆ ಆಗದೇ ಇದ್ದಿದ್ದರೆ ಇಂಥ ಜಾಗದಲ್ಲಿ ಫಾಸ್ಟ್ ಚಾರ್ಜರ್ ಅನ್ನೋ ಮಾತೇ ಇರ್ತಿರಲಿಲ್ಲ.

ಗನ್ (ಕಾರಿಗೆ ಸಿಗಿಸೋ ಕೇಬಲ್ ತುದಿ) ಎರಡು, ಎರಡೂ ಈಗಿನ ಹೆಚ್ಚಿನ ಕಾರುಗಳಿಗೆ ಹೊಂದೋ ಸಿಸಿಎಸ್ 2 ಮಾದರಿ. ಒಂದೇ ಕಾರ್ ಇದ್ದರೆ ಚೆನ್ನಾಗಿ ಎಳೆಯುತ್ತೆ, ಒಂದು ಊಟ ಮುಗಿಸೋ ಹೊತ್ತಿಗೆ ಕೆಲಸ ಆಗುತ್ತೆ. ಪಕ್ಕಕ್ಕೆ ಇನ್ನೊಂದು ಕಾರ್ ಬಂತೋ, 60 ಅನ್ನೋದು ಮೂವತ್ತು ಮೂವತ್ತು ಆಗಿ ಹಂಚಿಹೋಗುತ್ತೆ. ಬೋರ್ಡಿನಲ್ಲಿ ಇದನ್ನು ಬರೆದಿಲ್ಲ. 80 ಪರ್ಸೆಂಟ್ ಮೇಲೆ ಬ್ಯಾಟರಿಯೇ ಕರೆಂಟ್ ತಗೊಳ್ಳೋದು ಕಡಿಮೆ ಮಾಡುತ್ತೆ, ಆದ್ದರಿಂದ ನೂರು ತುಂಬಿಸ್ತೀನಿ ಅಂತ ಕೂತು ಹಿಂದಿನವರನ್ನು ಕಾಯಿಸಬೇಡಿ ದಯವಿಟ್ಟು.

ಈಗ ವಾಚ್‌ಮನ್ ವಿಷಯ. ಒಂದು ರಾತ್ರಿ ನಾನು ಹೋದಾಗ ದಾವಣಗೆರೆ ಕಡೆಯ ಒಂದು ಕುಟುಂಬ ಚಾರ್ಜರ್ ಮುಂದೆ ಕಾರ್ ನಿಲ್ಲಿಸಿಕೊಂಡು ಕೂತಿತ್ತು. ಹಿಂದಿನ ಸೀಟಲ್ಲಿ ಮಗು ಅಳ್ತಿತ್ತು. ಮಿಷಿನ್ ಸತ್ತುಬಿದ್ದಿದೆ, ಆ್ಯಪ್‌ನಲ್ಲಿ ಮಾತ್ರ ಹಸಿರು ಬಣ್ಣ, 'ಲಭ್ಯವಿದೆ'. ಅವರು ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ದರು. ಮೊದಲು ಹಿಂದಿ, ಆಮೇಲೆ ಇಂಗ್ಲಿಷ್, ಕಡೆಗೆ ಕನ್ನಡದವರು ಸಿಕ್ಕಿ, "ಕಂಪ್ಲೇಂಟ್ ಬುಕ್ ಆಗಿದೆ ಸರ್, 48 ಗಂಟೆಯೊಳಗೆ ಟೆಕ್ನೀಷಿಯನ್ ಬರ್ತಾರೆ" ಅಂದರಂತೆ. ಹೈವೇಯಲ್ಲಿ ನಿಂತವನಿಗೆ 48 ಗಂಟೆ! ನಾನು ಟಾರ್ಚ್ ಹಿಡಿದು ಮಿಷಿನ್ ಸುತ್ತ ನೋಡ್ತಿದ್ದೆ, ಅಷ್ಟರಲ್ಲಿ ಊಟ ಮುಗಿಸಿ ವಾಚ್‌ಮನ್ ಬಂದರು. ಪಾವಗಡ ಕಡೆಯವರು, ಐವತ್ತರ ಮೇಲಿನ ವಯಸ್ಸು. "ಏನೂ ಆಗಿಲ್ಲ ಸಾ, ಹುಡುಗ್ರು ಕೆಂಪು ಗುಂಡಿ ಒತ್ತಿರ್ತವೆ" ಅಂದವರೇ ಗೋಡೆ ಕಡೆ ಮುಖ ಮಾಡಿದ್ದ ಸಂದಿಗೆ ಕೈ ತೂರಿಸಿ, ಎಮರ್ಜೆನ್ಸಿ ಗುಂಡಿಯನ್ನು ಬಲಕ್ಕೆ ತಿರುಗಿಸಿದರು. ಟಕ್ ಅಂತ ಹೊರಗೆ ಬಂತು. ಒಂದು ನಿಮಿಷ ತಡೆದು ಪರದೆ ಹೊತ್ತಿಕೊಂಡಿತು. ಆಮೇಲೆ ಹೆಬ್ಬಾವಿನ ಹಾಗೆ ಬಿದ್ದಿದ್ದ ಕೇಬಲ್ ಎತ್ತಿ, ಗನ್ ಬಾಯಿಗೆ ಅಂಟಿದ್ದ ಮಣ್ಣನ್ನು ಟವೆಲ್ಲಿಂದ ಒರೆಸಿ, "ಎಡಗಡೇದು ಬೇಡ ಸಾ, ಸ್ವಲ್ಪ ಹೊತ್ತಿಗೆ ನಿಂತೋಗುತ್ತೆ, ಬಲಗಡೇದು ಹಾಕ್ಕೊಳ್ಳಿ" ಅಂದರು.

ಇವರಿಗೆ ಸಂಬಳ ಕೊಡೋದು ಹೋಟೆಲ್‌ನವರು. ಚಾರ್ಜರ್ ಕಂಪನಿಯಿಂದ ಒಂದು ರೂಪಾಯಿ ಇಲ್ಲ, ಒಂದು ದಿನದ ಟ್ರೇನಿಂಗೂ ಇಲ್ಲ. ಯಾರೋ ರಿಪೇರಿಗೆ ಬಂದಾಗ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದು.

ನನಗೆ ಸಿಟ್ಟು ಬರೋದು ಇಲ್ಲೇ. ಎಲೆಕ್ಟ್ರಿಕ್ ಗಾಡಿಗಳಿಗೆ ಅಂತ ಕೇಂದ್ರ ಸರ್ಕಾರ ತಂದ ಪಿಎಂ ಇ-ಡ್ರೈವ್ ಸ್ಕೀಮಿನಲ್ಲಿ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಅಂತಲೇ 2,000 ಕೋಟಿ ಇಟ್ಟಿದ್ದಾರೆ. ಹೈವೇಯಲ್ಲಿ 25 ಕಿಲೋಮೀಟರ್‌ಗೆ ಒಂದರಂತೆ, ಅದೂ ಎರಡೂ ಬದಿಗೆ ಇರಬೇಕು ಅಂತ ಕೇಂದ್ರದ ವಿದ್ಯುತ್ ಇಲಾಖೆ 2018ರಲ್ಲೇ ಮಾರ್ಗಸೂಚಿ ಬರೆದಿತ್ತು. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಹತ್ತಿರ ಹತ್ತಿರ ತೊಂಬತ್ತು ಎಲೆಕ್ಟ್ರಿಕ್. ಅಂಥ ದೇಶದಲ್ಲೂ ಉತ್ತರದ ತುದಿಯ ಫಿನ್‌ಮಾರ್ಕ್‌ನಲ್ಲಿ ಫಾಸ್ಟ್ ಚಾರ್ಜರ್ ಹಾಕಿಸೋಕೆ ಎನೋವಾ ಅನ್ನೋ ಸರ್ಕಾರಿ ಸಂಸ್ಥೆ ಸಹಾಯಧನ ಕೊಡಬೇಕಾಯಿತು. ಗಾಡಿ ಕಡಿಮೆ ಓಡೋ ದಾರಿಗೆ ವ್ಯಾಪಾರಸ್ಥರು ತಾವಾಗಿ ಬರಲ್ಲ, ಸಬ್ಸಿಡಿ ಕೊಡಲಿ, ಬೇಡ ಅನ್ನಲ್ಲ. ಆದರೆ ನಮ್ಮಲ್ಲಿ ದುಡ್ಡೆಲ್ಲ ಮಿಷಿನ್ ನಿಲ್ಲಿಸಿ ರಿಬ್ಬನ್ ಕತ್ತರಿಸೋ ತನಕ. ಆಮೇಲೆ ಅದನ್ನು ನೋಡಿಕೊಳ್ಳೋಕೆ ಒಬ್ಬ ಮನುಷ್ಯನಿಗೆ ತಿಂಗಳ ಸಂಬಳ ಕೊಡೋದು ಯಾರ ಲೆಕ್ಕದಲ್ಲೂ ಇಲ್ಲ.

ಇನ್ನೂ ಒಳಗಿನ ದಾರಿಗಳ ಕಥೆ ಕೇಳಬೇಡಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅದರ ಪಕ್ಕದಲ್ಲೇ ಕೆಲಸಕ್ಕೆ ಹೋದ ದಿನ ನನ್ನ ಕಾರಿಗೆ ಸಿಕ್ಕಿದ್ದು ಗಿರಾಕಿ ಮನೆಯ 15 ಆಂಪ್ಸ್ ಸಾಕೆಟ್. ಗಂಟೆಗೆ ಮೂರು ಯೂನಿಟ್. ಅವರ ಮನೆಯಲ್ಲೇ ಊಟ, ಅವರ ಮನೆಯಲ್ಲೇ ನಿದ್ದೆ.

ಮತ್ತೆ ಶಿರಾಗೆ ಬರೋಣ. ಚಾರ್ಜರ್ ಇಟ್ಟಿರೋ ಜಾಗ ಸರಿಯಿಲ್ಲ. ಹೋಟೆಲ್ ಹಿಂದೆ, ಲಾರಿ ನಿಲ್ಲೋ ಕಡೆ, ಇರೋದು ಒಂದೇ ಲೈಟು, ಅದೂ ಮಿಣಮಿಣ. ನನ್ನ ಹೆಂಡತಿ ಒಮ್ಮೆ ಜೊತೆಗೆ ಬಂದವಳು, "ರೀ, ನಾನೊಬ್ಬಳೇ ಬಂದರೆ ಇಲ್ಲಿ ಡೋರ್ ತೆಗೆಯಲ್ಲ" ಅಂದಳು. ನಾಲ್ಕು ಎಲ್‌ಇಡಿ, ಎರಡು ಕಂಬ, ಒಂದು ದಿನದ ಕೆಲಸ. ಮಾಡಿಕೊಡ್ತೀನಿ ಅಂತ ಮ್ಯಾನೇಜರ್‌ಗೆ ಹೇಳಿ ಕಾರ್ಡ್ ಕೊಟ್ಟು ಬಂದಿದ್ದೀನಿ, ಫೋನ್ ಬಂದಿಲ್ಲ. ಮೇಲೆ ಶೀಟೂ ಇಲ್ಲ. ಮಳೆಯಲ್ಲಿ ಗನ್ ಹಿಡಿಯೋಕೆ ಜನ ಹೆದರ್ತಾರೆ. ಅರ್ಥಿಂಗ್ ಸರಿ ಇದ್ದರೆ, ಪಿನ್ ಒಳಗೆ ನೀರು ಹೋಗದಂತೆ ನೋಡಿಕೊಂಡರೆ ಹೆದರಬೇಕಿಲ್ಲ. ಗನ್ ಕಾರಿಗೆ ಲಾಕ್ ಆಗಿ ಚೆಕಿಂಗ್ ಮುಗಿಯೋ ತನಕ ಅದರಲ್ಲಿ ಕರೆಂಟ್ ಹರಿಯಲ್ಲ.

ಊಟ ಪರವಾಗಿಲ್ಲ. ಮುದ್ದೆ, ಬಸ್ಸಾರು ಮಧ್ಯಾಹ್ನಕ್ಕೆ ಮಾತ್ರ. ತಟ್ಟೆ ಇಡ್ಲಿ ಅಂತ ಬೋರ್ಡ್ ಇದೆ, ಕ್ಯಾತ್ಸಂದ್ರ ದಾಟಿ ಬಂದವರು ಅದನ್ನು ತಿನ್ನೋ ಅಗತ್ಯ ಇಲ್ಲ.

ಹೋಗೋರು ಕತ್ತಲಾಗೋ ಮುಂಚೆ ಹೋಗಿ. ಶಿರಾ ಬಿಡುವಾಗ ಬ್ಯಾಟರಿ ಮೂವತ್ತು ಪರ್ಸೆಂಟ್ ಇರಲಿ, ಇಲ್ಲಿ ಕೈ ಕೊಟ್ಟರೂ ಸುಮಾರು 40 ಕಿಲೋಮೀಟರ್ ದೂರದ ಹಿರಿಯೂರು ಮುಟ್ಟಬಹುದು, ಎಂಬತ್ತರ ಸ್ಪೀಡ್ ಮೀರದಿದ್ದರೆ ಸಾಕು. ಹಿರಿಯೂರು ಕಡೆಯಿಂದ ವಾಪಸ್ ಬರೋರು ಅಂಡರ್‌ಪಾಸ್ ಹಿಡಿದು ಸುತ್ತಿಕೊಂಡು ಬರಬೇಕು, ಆ ಬದಿಗೆ ದಾರಿ ಬಿಟ್ಟಿಲ್ಲ. ಯೂನಿಟ್‌ಗೆ ಇಪ್ಪತ್ತು ಚಿಲ್ಲರೆ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮನೆಯಲ್ಲಿ ಆರು ರೂಪಾಯಿ ಆಸುಪಾಸು ಆಗೋದಕ್ಕೆ ಇದು ಜಾಸ್ತಿಯೇ. ಬಿಲ್ ಇಮೇಲ್‌ಗೆ ಬರುತ್ತೆ. ಜಿಎಸ್‌ಟಿ ನಂಬರ್ ಹಾಕೋ ಜಾಗ ಆ್ಯಪ್‌ನಲ್ಲಿ ಪ್ರೊಫೈಲ್ ಒಳಗಿದೆ, ನನ್ನಂಥ ಕಂಟ್ರಾಕ್ಟರ್‌ಗಳು ಮೊದಲೇ ತುಂಬಿಸಿಕೊಳ್ಳಿ, ಆಮೇಲೆ ತಿದ್ದೋಕೆ ಬಿಡಲ್ಲ.