ಸಣ್ಣ ಓವನ್‌ನಲ್ಲಿ ಲಾಬ್‌ಸ್ಟರ್ ಬಾಲ

ಹೊಸ 28 ಲೀಟರ್ ಓಟಿಜಿ (ಸಣ್ಣ ಕರೆಂಟ್ ಓವನ್) ಬಂದ ವಾರವೇ ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಎರಡು ಲಾಬ್‌ಸ್ಟರ್ ಸಿಕ್ಕವು. ನಮ್ಮ ಕಡಲಿನದಕ್ಕೆ ಏಡಿಯಂಥ ಇಕ್ಕಳದ ಕಾಲಿಲ್ಲ, ಮಾಂಸವೆಲ್ಲ ಬಾಲದಲ್ಲೇ ಅಲ್ವಾ.

ಮೇಲಿನ ಚಿಪ್ಪನ್ನು ಕತ್ತರಿಯಿಂದ ಸೀಳಿ, ಕರಿ ನರ ತೆಗೆದು, ಮಾಂಸ ಎತ್ತಿ ಚಿಪ್ಪಿನ ಮೇಲೇ ಕೂರಿಸಿದೆ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಸಾಕು. ಮಸಾಲೆ ಜಾಸ್ತಿಯಾದರೆ ಅದರ ಸಿಹಿ ಹೋಗಿಬಿಡುತ್ತದೆ. 220 ಡಿಗ್ರಿಯಲ್ಲಿ 12 ನಿಮಿಷ. ಗಾಜಿನಂತಿದ್ದ ಮಾಂಸ ಹಾಲಿನಂತೆ ಬೆಳ್ಳಗಾಯಿತು, ಅಂಚಲ್ಲಿ ಬೆಣ್ಣೆ ಚುರುಗುಟ್ಟುತ್ತಿತ್ತು.

ಹಿಂದಿಟ್ಟ ಬಾಲ ಮಾತ್ರ ರಬ್ಬರಿನಂತಾಯಿತು. ಈ ಓವನ್‌ನಲ್ಲಿ ಹಿಂಬದಿ ಶಾಖ ಹೆಚ್ಚು. ಆರು ನಿಮಿಷಕ್ಕೆ ಟ್ರೇ ತಿರುಗಿಸಲೇಬೇಕು. ಟೈಮರ್ ಗಂಟೆಯೂ ಪಡಸಾಲೆಗೆ ಕೇಳುವುದಿಲ್ಲ. ಆದರೂ ನನಗೆ ಈ ಓವನ್ ಇಷ್ಟವಾಗಿದೆ. ಅಮ್ಮ ಚಿಪ್ಪಿನಲ್ಲಿ ಉಳಿದ ಬೆಣ್ಣೆಯನ್ನು ಬಿಸಿ ಅನ್ನಕ್ಕೆ ಸುರಿದುಕೊಂಡು ಉಂಡರು.