ಮಡಿಕೇರಿ ಅಂಗಳಕ್ಕೆ ಗಿಡ್ಡ ಸ್ಪ್ರೂಸಾ, ಗೋಲ್ಡನ್ ತುಜಾನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ತುಜಾಕ್ಕೆ. ಎರಡೂ ಅಂಗಳದ ಅಂದಕ್ಕೆ ನೆಡುವ ನಿತ್ಯಹಸಿರು ಗಿಡಗಳು, ಎರಡನ್ನೂ ಒಂದೇ ಅಂಗಳದಲ್ಲಿ ಬೆಳೆಸಿ ನೋಡಿದ್ದೇನೆ.

ಚೆಂದದಲ್ಲಿ ಸ್ಪ್ರೂಸೇ ಮುಂದೆ. ಕತ್ತರಿ ಮುಟ್ಟಿಸದೆಯೇ ಪುಟ್ಟ ಗೋಪುರದ ಹಾಗೆ ನಿಲ್ಲುತ್ತದೆ, ವರ್ಷಕ್ಕೆ ಬೆಳೆಯುವುದು ಎರಡರಿಂದ ನಾಲ್ಕು ಇಂಚು. ಆದರೆ ಅದು 1904ರಲ್ಲಿ ಕೆನಡಾದ ಲೇಕ್ ಲೂಯಿಸ್ ಹತ್ತಿರ ಸಿಕ್ಕ ಗಿಡ, ಚಳಿಗಾಲವಿಡೀ ಹಿಮದಲ್ಲಿ ಸುಮ್ನೆ ಮಲಗಿ ಏಳುವ ಜಾತಿ. ನಮ್ಮ ಮಡಿಕೇರಿ ಚಳಿ ನಮಗೆ ಜಾಸ್ತಿ, ಅದಕ್ಕೆ ಸಾಲದು.

ಮಳೆಗೆ ಬೇರು ಕೊಳೆಯುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಮಣ್ಣು ಏರಿಸಿ ದಿಬ್ಬ ಮಾಡಿ, ಮರಳು ಬೆರೆಸಿ ನೆಟ್ಟಿದ್ದರಿಂದ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ದಾಟಿತು. ನಿಜವಾದ ಕಾಟ ಶುರುವಾಗಿದ್ದು ಬಿಸಿಲು ಏರಿದ ಮೇಲೆ, ಎಲೆಯ ರಸ ಹೀರುವ ಕೆಂಪು ನುಸಿಯಿಂದ.

ಈ ನುಸಿ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ತಟ್ಟಬೇಕು. ಹಾಳೆ ಮೇಲೆ ಬಿದ್ದ ಧೂಳಿನ ಚುಕ್ಕಿಗಳಲ್ಲಿ ಕೆಲವು ಮೆಲ್ಲಗೆ ಹರಿದಾಡಿದರೆ ಅದೇ ನುಸಿ. ಸೂಜಿ ಎಲೆಗಳ ನಡುವೆ ಸಣ್ಣ ಬಲೆಯೂ ಇರುತ್ತದೆ. ಎಲೆ ಮೊದಲು ಮಂಕಾಗಿ, ಆಮೇಲೆ ಒಂದು ಪಕ್ಕ ಪೂರ್ತಿ ಕಂದಾಗಿ ಉದುರುತ್ತದೆ.

ಉದುರಿದ ಜಾಗದಲ್ಲಿ ಮತ್ತೆ ಚಿಗುರು ಬರುವುದು ತೀರಾ ಅಪರೂಪ. ಸ್ಪ್ರೂಸ್ ಹಳೇ ಕಟ್ಟಿಗೆಯಿಂದ ಹೊಸ ಎಲೆ ಬಿಡುವ ಗಿಡ ಅಲ್ಲ. ನನ್ನ ಗಿಡದ ಒಂದು ಮಗ್ಗುಲು ಈಗಲೂ ಬೋಳು, ಅಷ್ಟು ಪ್ರೀತಿಯಿಂದ ಸಾಕಿದ ಗಿಡವನ್ನು ಹಾಗೆ ನೋಡೋಕೆ ಹೊಟ್ಟೆ ಉರಿಯುತ್ತದೆ.

ಮದ್ದು ಇಲ್ಲ ಅಂತಲ್ಲ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು, ಕೆಳಗಿನಿಂದ ಮೇಲಕ್ಕೆ, ಒಳಗಿನ ಕೊಂಬೆಗಳಿಗೂ ತಾಗುವಂತೆ ತೊಳೆಯುತ್ತಾ ಇರಬೇಕು. ಆದರೆ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಆ ಒಣ ದಿನಗಳಲ್ಲೇ ನಮಗೆ ರೊಬಸ್ಟಾ ಕಾಫಿ ಕೊಯ್ಲು, ಕಣದ ಕೆಲಸ. ಬಾವಿ ನೀರೂ ಇಳಿದಿರುತ್ತದೆ. ಆಗ ಹಾಳೆ ಹಿಡಿದು ನುಸಿ ಹುಡುಕುತ್ತಾ ಕೂರೋಕೆ ಯಾರಿಗೆ ಪುರುಸೊತ್ತು?

ತುಜಾ ಇಷ್ಟು ಕಾಡಿಲ್ಲ. ಹಿಮದ ಹಂಗಿಲ್ಲ, ಬಿಸಿಲು ಸಿಕ್ಕಷ್ಟೂ ಹೊಂಬಣ್ಣ ಜಾಸ್ತಿ. ಜೋರು ಮಳೆಗೆ ನೆನೆದು ಕೊಂಬೆಗಳು ಬಾಯಿ ಬಿಡುತ್ತವೆ, ಜೂನ್‌ಗೆ ಮುಂಚೆ ತೆಂಗಿನ ಹುರಿಯಲ್ಲಿ ಸಡಿಲವಾಗಿ ಒಂದು ಸುತ್ತು ಕಟ್ಟಿದರಾಯಿತು. ಒಂದು ಸ್ಪ್ರೂಸಿನ ದುಡ್ಡಿಗೆ ನಾಲ್ಕು ತುಜಾ ತಂದಿದ್ದೇನೆ.

ಕ್ರಿಸ್‌ಮಸ್ ಗಿಡ ಅಂತ ಮಾರುವ ಅರೌಕೇರಿಯಾ? ಚಿಕ್ಕ ಅಂಗಳಕ್ಕೆ ಬೇಡ, ಮನೆಯನ್ನೇ ಮೀರಿ ಬೆಳೆಯುತ್ತದೆ.

ಸ್ಪ್ರೂಸೇ ಬೇಕು ಅನ್ನುವವರು ಕುಂಡದಲ್ಲಿ ಬೆಳೆಸಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ, ನೀರಿನ ಪೈಪು ತಲುಪುವಷ್ಟು ಹತ್ತಿರ ಇಡಿ. ಗೋಡೆಗೆ ಒತ್ತಿ ಮಾತ್ರ ಇಡಬೇಡಿ, ಬಿಸಿ ಹೊಡೆಯುವ ಆ ಪಕ್ಕದಲ್ಲೇ ನುಸಿ ಮೊದಲು ಹತ್ತುತ್ತದೆ.