ಅಜ್ಜಿಯ ಸಂಚಿಯಲ್ಲಿ ಫಾಕ್‌ಲ್ಯಾಂಡ್ಸ್: ಬೋಲ್ಟ್ ಆಕ್ಷನ್ ಜೊತೆ ನಾಲ್ಕು ವರ್ಷ

ಬೋಲ್ಟ್ ಆಕ್ಷನ್ ಎರಡನೇ ಮಹಾಯುದ್ಧದ ಆಟ. 28 ಮಿಲಿಮೀಟರ್ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವುದು. ರಿಕ್ ಪ್ರೀಸ್ಟ್‌ಲಿ ಮತ್ತು ಅಲೆಸಿಯೊ ಕವಟೋರೆ ಬರೆದ ನಿಯಮಗಳು 2012ರಲ್ಲಿ ಬಂದವು. ನನ್ನ ಹತ್ತಿರ ಇರುವುದು 2016ರ ಎರಡನೇ ಆವೃತ್ತಿ. 2024ರಲ್ಲಿ ಮೂರನೆಯದು ಬಂದರೂ ನಾನು ಹಳೆಯದಕ್ಕೇ ಅಂಟಿಕೊಂಡಿದ್ದೇನೆ. ಆದರೆ ಆ ನಿಯಮಗಳಲ್ಲಿ ನಾನು ಆಡುವುದು, ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ 1982ರ ಫಾಕ್‌ಲ್ಯಾಂಡ್ಸ್ ಯುದ್ಧವನ್ನು. ಬ್ರಿಟಿಷ್ ಪ್ಯಾರಾಗಳು (ಪ್ಯಾರಾಚೂಟ್ ಸೈನಿಕರು), ಅರ್ಜೆಂಟೀನಾದ ಸೈನಿಕರು, ಒಂದೊಂದು ಕಡೆಗೆ ಮೂವತ್ತು ನಲವತ್ತು ಗೊಂಬೆ, ಅಷ್ಟೇ.

ಇದರ ಜೀವ ಇರುವುದು ಚೀಲದಲ್ಲಿ. ಒಂದು ತುಕಡಿಗೆ ಒಂದು ದಾಳ, ಎರಡೂ ಕಡೆಯವು ಒಂದೇ ಚೀಲದಲ್ಲಿ. ಯಾವ ಬಣ್ಣ ಕೈಗೆ ಬಂತೋ ಆ ಕಡೆಯವರು ಒಂದು ತುಕಡಿಗೆ ಆದೇಶ ಕೊಡಬೇಕು. ಮುಂದಿನ ಸರದಿ ಯಾರದು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿಯ ಹಳೇ ಎಲೆ ಅಡಿಕೆ ಸಂಚಿ. ಇವತ್ತಿಗೂ ದಾಳಕ್ಕೆ ಸುಣ್ಣದ ವಾಸನೆ.

ಎರಡನೇ ಜೀವ ಪಿನ್, ಅಂದರೆ ತುಕಡಿ ಗುಂಡಿಗೆ ಹೆದರಿದೆ ಅನ್ನುವ ಗುರುತು. ಗುಂಡು ತಾಕಿದ ತುಕಡಿಗೆ ಯಾರೂ ಸಾಯದಿದ್ದರೂ ಒಂದು ಪಿನ್ ಬೀಳುತ್ತದೆ. ನುರಿತವರ ಸ್ಥೈರ್ಯ 10, ಹೊಸಬರದ್ದು 8. ಪಿನ್ ಒಂದಕ್ಕೆ 1 ಕಳೆಯಿರಿ, ತುಕಡಿ ಆದೇಶ ಪಾಲಿಸಬೇಕಾದರೆ ಎರಡು ದಾಳದ ಮೊತ್ತ ಅದನ್ನು ಮೀರಬಾರದು. ಮೂರು ಪಿನ್ ಬಿದ್ದ ಹೊಸಬರು 5 ಅಥವಾ ಅದಕ್ಕಿಂತ ಕಡಿಮೆ ಉರುಳಿಸಬೇಕು. ಹತ್ತರಲ್ಲಿ ಏಳು ಸಲ ಅವರು ಏಳುವುದೇ ಇಲ್ಲ. ಕಾಲ ಯಾವುದಾದರೇನು, ತಲೆ ಮೇಲೆ ಗುಂಡು ಹಾರಿದರೆ ಮನುಷ್ಯ ಮಲಗುತ್ತಾನೆ, ಅಲ್ವಾ? ಈ ಭಾಗವನ್ನು ನಾನು ಮುಟ್ಟಿಲ್ಲ.

ಮುಟ್ಟಿ ಕೆಡಿಸಿದ್ದು ಬಂದೂಕು. ಎರಡೂ ಸೇನೆಗಳ ರೈಫಲ್ ಒಂದೇ ಎಫ್ಎನ್ ಎಫ್ಎಎಲ್ ಕುಲದ್ದು. ಅರ್ಜೆಂಟೀನಾದ್ದು ಒಂದೇ ಸಮನೆ ಸುರಿಯಬಲ್ಲದು, ಬ್ರಿಟಿಷರ ಎಸ್ಎಲ್ಆರ್ ಒಂದೊಂದೇ ಗುಂಡು. ಸರಿ, ಅರ್ಜೆಂಟೀನಾದವರಿಗೆ ಅಸಾಲ್ಟ್ ರೈಫಲ್ ನಿಯಮ ಹಾಕಿದೆ: 18 ಇಂಚು ದೂರ, ಒಬ್ಬೊಬ್ಬ ಸೈನಿಕ ಹಾರಿಸುವುದು ಎರಡು ಗುಂಡು. ಮೂರನೇ ಸುತ್ತಿಗೆ ಮೇಜು ಖಾಲಿ. ಮತ್ತೆ ತಿದ್ದಿದೆ, ಆಮೇಲೆ ಆ ತಿದ್ದುಪಡಿಗೊಂದು ತಿದ್ದುಪಡಿ. ಒಂದು ಹಂತದಲ್ಲಿ ನನ್ನ ಮನೆ ನಿಯಮಗಳೇ ಹನ್ನೊಂದು ಪುಟ ಇದ್ದವು. ಈಗ ಇಬ್ಬರಿಗೂ ಸಾಮಾನ್ಯ ರೈಫಲ್, 24 ಇಂಚು, ಒಂದು ಗುಂಡು. 12 ಇಂಚಿನೊಳಗೆ ಮಾತ್ರ ಅರ್ಜೆಂಟೀನಾದವರು ಬೇಕಿದ್ದರೆ ಎರಡು ಹಾರಿಸಬಹುದು, ಗುರಿಯಲ್ಲಿ 1 ಕಳೆದು.

ನಿಜವಾಗಿ ಬದಲಾಯಿಸಬೇಕಿದ್ದದ್ದು ಕಣ್ಣು. ಅಲ್ಲಿನ ದೊಡ್ಡ ಕಾದಾಟಗಳು ನಡೆದದ್ದು ರಾತ್ರಿ. ಜೂನ್ 11ರ ರಾತ್ರಿ ಮೌಂಟ್ ಲಾಂಗ್ಡನ್ ಹತ್ತುತ್ತಿದ್ದ ಬ್ರಿಟಿಷರ 3 ಪ್ಯಾರಾ ಬೆಟಾಲಿಯನ್‌ನವರು ಸದ್ದಿಲ್ಲದೆ ಮೇಲೆ ಹೋಗಬೇಕೆಂದಿದ್ದರು. ಒಬ್ಬ ನೆಲಬಾಂಬ್ ಮೇಲೆ ಕಾಲಿಟ್ಟ, ಬೆಟ್ಟವೆಲ್ಲ ಎಚ್ಚೆತ್ತಿತು. ಹಾಗಾಗಿ ಈಗ ಗುಂಡು ಹಾರಿಸುವ ಮುನ್ನ ಎರಡು ದಾಳ ಉರುಳಿಸುತ್ತೇವೆ. ಮೊತ್ತಕ್ಕೆ 6 ಸೇರಿಸಿದಷ್ಟು ಇಂಚು ಮಾತ್ರ ಕಾಣುತ್ತದೆ. ರಾತ್ರಿ ದುರ್ಬೀನು ಇದ್ದವರಿಗೆ ಮೂರು ದಾಳ. ಅರ್ಜೆಂಟೀನಾದವರ ಬಳಿಯೂ ಒಳ್ಳೆಯವು ಇದ್ದವು, ಮರೆಯಬೇಡಿ. ಈ ಸುತ್ತಿನಲ್ಲಿ ಗುಂಡು ಹಾರಿಸಿದವರು ಎಷ್ಟು ದೂರದಿಂದಲೂ ಕಾಣುತ್ತಾರೆ, ಏಕೆಂದರೆ ಕಿಡಿ. ಈ ಒಂದು ಸಾಲು ಸೇರಿಸಿದ್ದೇ ತಡ, ಜನ ಸುಮ್ನೆ ಕೂರಲು ಶುರುಮಾಡಿದರು. ಮೊನ್ನೆ ಗೆಳೆಯನ ಮೆಷಿನ್ ಗನ್ ಮೂರು ಸುತ್ತು ಬಾಯಿ ಬಿಡಲಿಲ್ಲ. ನಾನು ಬಂಡೆ ದಾಟಿದ ಮೇಲೆ ಬಿಟ್ಟ. ನನ್ನ ಒಂದು ಸೆಕ್ಷನ್ ಅಲ್ಲೇ ಹೋಯಿತು.

ಮಿಲಾನ್ ಕ್ಷಿಪಣಿ ಟ್ಯಾಂಕ್ ಹೊಡೆಯಲು ಮಾಡಿದ್ದು. ಪ್ಯಾರಾಗಳು ಬಂಕರ್ ಒಡೆಯಲು ಬಳಸಿದರು. ನಮ್ಮಲ್ಲಿ ಅದು ತಾಕಿದರೆ ಬಂಕರಿನ ಮರೆಗೆ ಬೆಲೆಯಿಲ್ಲ, ಜೊತೆಗೆ ಎರಡು ಪಿನ್ ಜಾಸ್ತಿ. ಪಂದ್ಯಕ್ಕೆ ಮೂರೇ ಹೊಡೆತ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲು ಅರ್ಜೆಂಟೀನಾದವರನ್ನೆಲ್ಲ 'ಹೊಸಬರು' ಅಂತ ಹಾಕಿದ್ದೆ, ಕಡ್ಡಾಯ ಸೇವೆಯ ಹುಡುಗರು ತಾನೇ ಅಂತ. ಆಟ ಸಪ್ಪೆ, ಇತಿಹಾಸವೂ ಸುಳ್ಳು. ಟಂಬಲ್‌ಡೌನ್ ಬೆಟ್ಟದಲ್ಲಿ ಅವರ ನೌಕಾ ಪದಾತಿಗಳು ಬ್ರಿಟಿಷರ ಸ್ಕಾಟ್ಸ್ ಗಾರ್ಡ್ಸ್ ಪಡೆಯನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸಿದ್ದರು. ಅವರಿಗೆ ಈಗ ಸ್ಥೈರ್ಯ 9.

ಗೊಂಬೆಗಳದ್ದು ಬೇರೆ ಗೋಳು. ಒಂದು ಕಡೆ ತರಿಸಿದ ಲೋಹದ ಪ್ಯಾರಾಗಳ ಬಂದೂಕೆಲ್ಲ ಪಡವಲಕಾಯಿ ಥರ ಬಗ್ಗಿದ್ದವು. ಒಂದೊಂದನ್ನೇ ನೆಟ್ಟಗೆ ಮಾಡಿಕೊಂಡೆ. ದ್ವೀಪದಲ್ಲಿ ಮರವಿಲ್ಲ, ಬರೀ ಹುಲ್ಲು ಮತ್ತು ಬಂಡೆ. ಹುಲ್ಲಿಗೆ ತೆಂಗಿನ ನಾರಿನ ಕಾಲೊರಸು ಕತ್ತರಿಸಿದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಹನ್ನೊಂದು ಪುಟ ಈಗ ಒಂದೇ ಪುಟಕ್ಕೆ ಇಳಿದಿದೆ, ಪುಸ್ತಕದ ಹಿಂಬದಿಗೆ ಅಂಟಿಸಿದ್ದೇನೆ. ಹಡಗಿನಿಂದ ಬೀಳುವ ಶೆಲ್ ಮಾತ್ರ ಇನ್ನೂ ಸರಿಹೋಗಿಲ್ಲ. ಕರೆದಾಗಲೆಲ್ಲ ಬಂದರೆ ಆಟವೇ ಮುಗಿಯುತ್ತದೆ, ಬರದಿದ್ದರೆ ಕರೆದು ಏನು ಪ್ರಯೋಜನ? ಮುಂದಿನ ಭಾನುವಾರ ಅದಕ್ಕೂ ಒಂದು ದಾಳವನ್ನು ಸಂಚಿಗೇ ಹಾಕಿ ನೋಡುತ್ತೇನೆ.